ಇಲ್ಲಿ? ಇಲ್ಲ

ಜೆಫೆರಿನೊ ಬೂಟು ಕಳಚಿ ಕೊಡವಿದಾಗ
ಒಂದು ಚಿಪ್ಪು, ಎರಡು ಹರಳು, ತುಕ್ಕು ಹಿಡಿದ ಗಾಳ.
ಬೆಳಗಿನಿಂದ ಅದರ ಮೇಲೇ ನಡೆದಿದ್ದ.
ತನ್ನ ಪಾದವನ್ನು
ಯಾರೋ ಮರೆತು ಬಿಟ್ಟುಹೋದದ್ದೆಂಬಂತೆ ನೋಡಿದ.

ನನಗಾಗ ಇಪ್ಪತ್ತಾರು. ಸೂಜಿ ಹಿಡಿದು
ಹೆಬ್ಬೆರಳಿಂದ ಮೇಲಕ್ಕೆ ಚುಚ್ಚುತ್ತ ಹೋದೆ.
ಇಲ್ಲಿ? ಇಲ್ಲ.
ಇಲ್ಲಿ? ಇಲ್ಲ.
ಮೊಣಕಾಲಿನ ಕೆಳಗೆ ‘ಹಾಂ’ ಎಂದ.
ಅಲ್ಲೊಂದು ಶಾಯಿಯ ಗೆರೆ ಎಳೆದೆ,
ಉಬ್ಬರ ಎಲ್ಲಿವರೆಗೆ ಬಂತೆಂದು ಬಂಡೆಗೆ ಗುರುತಿಟ್ಟ ಹಾಗೆ.
ಮರುವರ್ಷ ಗೆರೆ ತೊಡೆಗೆ ಬಂತು.

ಆಮೇಲೆ ಪೋರ್ತೊದ ಒಂದು ನೆಲಮಾಳಿಗೆ,
ಮೂವತ್ತೊಂದು ವರ್ಷ, ಒಂದೇ ಪ್ರೋಟೀನು.
ನಾಲ್ಕು ತುಂಡು ಕೈಕೈ ಹಿಡಿದಿದ್ದರೆ ಯಾವ ತಕರಾರೂ ಇಲ್ಲ.
ನೂರಿಪ್ಪತ್ತೇಳು ಅಕ್ಷರದಲ್ಲಿ ಒಂದರ ಕಾಗುಣಿತ ತಪ್ಪಿದರೆ
ಕೈಬಿಡುತ್ತವೆ, ಅಡ್ಡಾದಿಡ್ಡಿ ಮಡಿಚಿಕೊಂಡು
ನರದ ಗುಂಟ ಉಪ್ಪಿನಂತೆ ಕಟ್ಟಿಕೊಳ್ಳುತ್ತವೆ.
ಮಡಿಚಿದ್ದು ಅದು. ಮಡಿದವರು ಇವರು,
ಬಲೆ ಎಳೆಯುವ ವಯಸ್ಸಿನಲ್ಲಿ.

ಆ ದಂಡೆಯಲ್ಲಿ ದೋಣಿಗೆ, ಹುಟ್ಟಿಗೆ
ಮನೆತನದ ಗುರುತು ಕೆತ್ತುತ್ತಾರೆ:
ಹಿರಿಮಗನಿಗೆ ಒಂದು ಗೀಟು ಹೆಚ್ಚು, ಎರಡನೆಯವನಿಗೆ ಎರಡು,
ಕಿರಿಯವನಿಗೆ ಮಾತ್ರ ಅಪ್ಪನದೇ, ಇದ್ದ ಹಾಗೆ.
ನನ್ನ ವಹಿಯಲ್ಲೂ ಮನೆತನಗಳಿದ್ದವು:
ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಸತ್ತರೆ ಅಡ್ಡಗೀಟು.
ಅದಕ್ಕೆ ಹಿರಿಯ ಕಿರಿಯ ಎಂಬ ಮರ್ಯಾದೆಯಿಲ್ಲ.

ಸೋತ ವರ್ಷಗಳದ್ದೇ ದೊಡ್ಡ ಪಾಲು.
ಇಲಿಗಳು ಕಾಯಿಲೆ ಬೀಳಲೊಲ್ಲವು.
ಆಗಸ್ಟಿನ ಒಂದು ರಾತ್ರಿ ಕರೆಂಟು ಹೋಗಿ
ಫ್ರೀಜರಿನಲ್ಲಿ ಹನ್ನೊಂದು ಜನರ ನರ ಕರಗಿ ನೀರಾಯಿತು,
ಜೆಫೆರಿನೊನದೂ.
ಹೇಳಲು ಹೋದಾಗ ಅರ್ಮಿಂದಾ ಮೀನು ಸುಡುತ್ತಿದ್ದಳು.
‘ಎರಡನೇ ಸಲವೂ ಹೇಳದೇ ಹೋದನೇ’ ಎಂದಳು,
ನನಗೊಂದು ತಟ್ಟೆ ಹಾಕಿದಳು.

ಈಗ ಗುಳಿಗೆಯಿದೆ. ನಾನು ಕಂಡುಹಿಡಿದದ್ದಲ್ಲ.
ಯಾರದೋ ಪ್ರಬಂಧದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ,
ನಲವತ್ತನಾಲ್ಕನೆಯ ಹೆಸರು ನನ್ನದು.
ಅದು ಆ ನಾಲ್ಕರ ಕೈ ಬಿಡಿಸಗೊಡುವುದಿಲ್ಲ.
ಏರಿದ ಗೆರೆಯನ್ನು ಇಳಿಸುವುದೂ ಇಲ್ಲ.

ನಿವೃತ್ತಿಗೆ ಮೂರು ದಿನ ಇರುವಾಗ ಇದಲಿನಾ ಬಂದಳು,
ಅವನ ಕಿರಿಮಗನ ಕಿರಿಮಗಳು.
ತಪ್ಪು ಕಾಗುಣಿತ ಇದ್ದ ಹಾಗೇ ಇಳಿದು ಬಂದಿದೆ.
ಏಳು ವರ್ಷದಿಂದ ಗುಳಿಗೆ ನುಂಗುತ್ತಾಳೆ, ಮೀನು ಮಾರುತ್ತಾಳೆ.
ಕಾಲುಚೀಲ ತೆಗೆಸಿ ಹೆಬ್ಬೆರಳಿಗೆ ಸೂಜಿ ತಾಕಿಸಿದೆ.
ಇಲ್ಲಿ?

ಕಾಲು ಝಾಡಿಸಿ ಎಳೆದುಕೊಂಡು,
ಮೀನುಪೇಟೆಯಲ್ಲಷ್ಟೇ ಕೇಳುವಂಥ ಮಾತಿನಲ್ಲಿ
ನನ್ನನ್ನೂ ನನ್ನ ತಾಯಿಯನ್ನೂ ಬೈದಳು.
ಇನ್ನೊಮ್ಮೆ ಚುಚ್ಚಿದೆ,
ಕೇಳಬೇಕೆನಿಸಿ.