ಯಾನೆ

ಮಂಜೇಶ್ವರದ ರಿಜಿಸ್ಟ್ರಿ ಕಚೇರಿಯ ಎದುರು ಜೆರಾಕ್ಸ್ ಅಂಗಡಿ,
ಅದರ ಮಗ್ಗುಲಲ್ಲಿ ನನ್ನ ಮೇಜು.
ಕನ್ನಡದ ಹಳೇ ಪತ್ರಗಳನ್ನು ಮಲಯಾಳಕ್ಕೆ ದಾಟಿಸುವುದು,
ಪುಟಕ್ಕೆ ಇನ್ನೂರು.
ಹುಳ ತಿಂದ ಅಕ್ಷರಕ್ಕೆ ಬೇರೆ ರೇಟಿಲ್ಲ.

ಕುಮ್ಕಿ ಎಂದು ಮೂಲದಲ್ಲಿ ಎರಡೇ ಅಕ್ಷರ.
ಕಣ್ಣೂರಿನಿಂದ ಬಂದ ಹೊಸ ಗುಮಾಸ್ತನಿಗೆ
ಅದು ಕಾಡಾನೆ ಹಿಡಿಯುವ ಸಾಕಾನೆ.
ಹಾಗಾಗಿ ಬಿಡಿಸಿ ಬರೆಯುತ್ತೇನೆ:
ಪಟ್ಟೆಯ ಅಂಚಿಗೆ ಹತ್ತಿಕೊಂಡ ಸರಕಾರಿ ಗುಡ್ಡ,
ಅಂದರೆ ಸೊಪ್ಪಿಗೆ, ಸೌದೆಗೆ, ದನ ಬಿಡಲಿಕ್ಕೆ ಆಗುವ ಜಾಗ,
ಅಂದರೆ ನಮ್ಮದಲ್ಲ,
ಅದಿಲ್ಲದೆ ನಮ್ಮ ಗದ್ದೆಯೂ ಗದ್ದೆಯಲ್ಲ.
ಕೊನೆಯ ಸಾಲನ್ನು ಅವನು ಹೊಡೆದುಹಾಕುತ್ತಾನೆ,
"ಮೂಲದಲ್ಲಿಲ್ಲ."
ಮಾತಿಗೂ ಒಂದಿಷ್ಟು ಕುಮ್ಕಿ ಬೇಕು ಮಾರಾಯ, ಎನ್ನುತ್ತೇನೆ.
ನಗುತ್ತಾನೆ. ಸೀಲು ಒತ್ತುವುದಿಲ್ಲ.

ನಾವು ಅಂದರೆ ಎನ್ನುತ್ತೇವೆ, ತುಳುವಿನಲ್ಲಿ ಪಂಡ,
ಅವನದ್ದು ಎನ್ನುವಚ್ಚಾಲ್.
ನಾವು ಅಂದು ನೋಡುವವರು, ಅವನು ಇಟ್ಟು ನೋಡುವವನು.
ಪತ್ರಗಳಲ್ಲಿ ಮಾತ್ರ ಯಾನೆ,
ಯಾವ ಕಾಲಕ್ಕೋ ಹಡಗು ಹತ್ತಿ ಬಂದು
ಹೆಸರು ಹೆಸರಿನ ನಡುವೆ ಕೂತ ಶಬ್ದ.
ಐತ ಯಾನೆ ಆದಿತ್ಯ.
ಪೊಡಿಯ ಯಾನೆ ಅಬ್ದುಲ್ ಖಾದರ್.
ಅಂಗಳದಲ್ಲಿ ಕರೆದವನೂ ಕಾರ್ಡಿನಲ್ಲಿರುವವನೂ
ಒಬ್ಬನೇ ಎಂಬುದಕ್ಕೆ ಜಾಮೀನು.

ದುಗ್ಗಮ್ಮ ತಂದದ್ದು ನಲವತ್ತೊಂದನೇ ಇಸವಿಯ ಕ್ರಯಪತ್ರ,
ಹಾರ್ಲಿಕ್ಸ್ ಬಾಟಲಿಯೊಳಗೆ ಸುರುಳಿ ಸುತ್ತಿ.
ಪಡಕೊಂಡವರು: ಅಕ್ಕು ಯಾನೆ ಬಾಗಿ.
ಗಟ್ಟಿಯಾಗಿ ಓದಿದೆ. ಮುದುಕಿ ಕೈ ಅಡ್ಡ ಹಿಡಿದಳು.

"ಅಕ್ಕು ನನ್ನ ಅಮ್ಮ. ಬಾಗಿ ಅವಳ ತಂಗಿ.
ಹೊರಗೆ ಉಡಲಿಕ್ಕೆ ಇಬ್ಬರಿಗೂ ಒಂದೇ ಸೀರೆ ಇದ್ದದ್ದು ಹೌದು.
ಒಬ್ಬಳು ಹೋದರೆ ಒಬ್ಬಳು ಒಳಗೆ.
ಬರೆದವನು ಕಂಡದ್ದು ಸೀರೆಯನ್ನಿರಬೇಕು."

ಮತ್ತು ಎಂದಿದ್ದರೆ ಸಾಕಿತ್ತು.
ಸ್ಪಷ್ಟ ಮಾಡಲಿಕ್ಕೆ ಹೋದ ಪುಣ್ಯಾತ್ಮ
ಎರಡು ಅಕ್ಷರದಲ್ಲಿ ಒಬ್ಬಳನ್ನು ಮುಗಿಸಿದ.

ಹೇಳಬೇಕಾದ್ದನ್ನು ಹೇಳಿದೆ:
ಇಬ್ಬರು ಎಂದಾದರೆ ಅರ್ಧ ಹೋಗುತ್ತದೆ, ದುಗ್ಗಮ್ಮ.
ಬಾಗಿಯ ಮೊಮ್ಮಗ ಉಪ್ಪಳದಲ್ಲಿ ಮೀನಿನ ಲಾರಿ ಓಡಿಸುತ್ತಾನಲ್ಲ.

ಅವಳು ಎಷ್ಟೋ ಹೊತ್ತು ರಸ್ತೆ ನೋಡಿದಳು.
ಜೆರಾಕ್ಸಿನ ಬೆಳಕು ನಾಲ್ಕೈದು ಸಲ ಅತ್ತಿಂದಿತ್ತ ಹೋಯಿತು.
"ಇದ್ದದ್ದು ಇದ್ದ ಹಾಗೆ ಬರೆಯಿರಿ."

ಕಾಗದದಲ್ಲಿ ಇದ್ದದ್ದೋ,
ಮನೆಯಲ್ಲಿ ಇದ್ದದ್ದೋ.

ಅಂದರೆ? ಎಂದೆ.
ತಲಪಾಡಿ ಬಸ್ಸು ಬಂದಿತ್ತು. ಖಾಲಿ ಬಾಟಲಿ ಅವುಚಿಕೊಂಡು ಹತ್ತಿದಳು.
ಮುಚ್ಚಳ ನನ್ನ ಮೇಜಿನ ಮೇಲಿದೆ.