ಕೊಂಬು

ವಾರ್ಡ್‌ಬಾಯ್ ಕೂಗಿದ: ಶಿವ್ಶರಣ್ ಬಿರಾಜ್‌ದಾರ್!
ವಯಸ್ಸು ಐವತ್ತಾರು, ಬೆಸ್ಟ್ ಬಸ್ಸಿನ ಕಂಡಕ್ಟರ್,
ಮಾತೃಭಾಷೆ ಮರಾಠಿ, ಎನ್ನುತ್ತದೆ ಕೇಸ್ ಪೇಪರು.
ಪರೇಲಿನ ಆಸ್ಪತ್ರೆ, ಮೂರನೇ ಮಹಡಿ,
ಕಿಟಕಿಯಾಚೆ ಹೊಗೆ ಮರೆತ ಗಿರಣಿಯ ಚಿಮಣಿ.

ನನ್ನ ಕೆಲಸ ಮಾತು ಮುರಿಯುವುದು.
ಮೇಜಿನ ಮೇಲೆ ಬೆರಳು ಬಡಿಯುತ್ತ
ಬಡಿತಕ್ಕೊಂದು ತುಣುಕು, ತುಣುಕಿಗೊಂದು ಸ್ವರ.
ಸ್ವರ ಒಳಗೆ ಕೂತಿರುತ್ತದೆ, ವ್ಯಂಜನಗಳು
ಹಿಂದೆ ಮುಂದೆ ಫುಟ್‌ಬೋರ್ಡಿಗೆ ಜೋತ ಜನ.
ಪಠ್ಯದಲ್ಲಿ ಹೀಗಿಲ್ಲ. ಇವರೆದುರು ಕೂತ ಮೇಲೆ ಹೊಳೆದದ್ದು.

ಪಾಣೀ, ಎಂದೆ. ಎರಡು ಬಡಿತ.
ತುಟಿ ಕೂಡಿತು, ಬಿಡಲಿಲ್ಲ.
ಪಕಾರ ಬಾಗಿಲಲ್ಲೇ ನಿಂತಿತು,
ಪುಢೇ ಚಲಾ ಎಂದು ಒಳಗೆ ತಳ್ಳಬೇಕಾದವರ
ಬಾಯೇ ಕಟ್ಟಿತ್ತಲ್ಲ.

ಮೂರು ವಾರ ಹೀಗೆ.
ಒಂದು ದಿನ ಹೊರಗೆ ಬೆಂಚಿನಲ್ಲಿ ಅವರ ಹೆಂಡತಿ
ಫೋನಿನಲ್ಲಿ ಯಾರಿಗೋ: ಇನ್ನಾ ಮಾತ ಬರವಲ್ದವ್ವಾ.
ಬಾಗಿಲಲ್ಲಿ ನಿಂತುಬಿಟ್ಟೆ. ಕನ್ನಡದವರಾ ನೀವು?
ಅಕ್ಕಲಕೋಟ ಕಡೀಯವರ್ರೀ. ಯಾರೂ ಕೇಳೇ ಇಲ್ಲ.

ನನ್ನದು ಡೊಂಬಿವಲಿಯಲ್ಲಿ ಬೆಳೆದ ಕನ್ನಡ.
ಪದದ ಕೊನೆಯ ಸ್ವರ ಕುರ್ಲಾದಲ್ಲೆಲ್ಲೋ
ಇಳಿದುಹೋಗಿರುತ್ತದೆ, ಗದ್ದಲದಲ್ಲಿ ಗೊತ್ತಾಗುವುದಿಲ್ಲ.
ಊರೇ ಹಾಗೆ. ಪರೇಲ್, ದಾದರ್, ಲಾಲ್‌ಬಾಗ್, ಸಾಯನ್,
ಹೆಸರು ಹೇಳಿ ಮುಗಿಯುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ.
ಮೂರನೇ ಇಯತ್ತೆಯಲ್ಲಿ ಪೆನ್ನು ಎಂದೆನೆಂದು
ಇಡೀ ತರಗತಿ ನಕ್ಕಿತ್ತು.
ಅಂದಿನಿಂದ ಪೆನ್.

ಮರುದಿನ ಲೋಟ ಎತ್ತಿ ಹಿಡಿದೆ. ನೀರ್. ಒಂದು ಬಡಿತ.
ಅವರು ನನ್ನ ಬೆರಳು ನೋಡಿದರು.
ಬಲಗೈ ಮಡಿಲಲ್ಲಿ ಬಿದ್ದೇ ಇತ್ತು, ಎಡಗೈ ಎದ್ದು
ಇಲ್ಲದ ಹಗ್ಗ ಹಿಡಿದಂತೆ ಗಾಳಿಯಲ್ಲಿ ತಡಕಿ
ಮೇಜಿಗಿಳಿದು
ಟಣ್ ಟಣ್.
ಡಬಲ್ ಬೆಲ್ಲು.
ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು,
ಇಪ್ಪತ್ತೆಂಟು ವರ್ಷ ಅಷ್ಟೇ ಅವರ ಛಂದಸ್ಸು.

ನೀರ್, ಎಂದೆ ಮತ್ತೆ, ದಡ್ಡಿಯ ಹಾಗೆ.
ಮತ್ತೆ ಎರಡು, ಈ ಸಲ ಸಿಟ್ಟಿನಲ್ಲಿ.
ಹಣೆಯ ನರ ಉಬ್ಬಿತು, ತುಟಿ ದುಂಡಗಾಗಿ ಮುಂದೆ ಬಂತು,
ಉ.
ನಕಾರವಿಲ್ಲ, ರೇಫೆಯಿಲ್ಲ, ಬರೀ ಕೊಂಬು.
ಎಮ್ಮೆಯಿಲ್ಲದೆ ಕೊಂಬೊಂದೇ
ನಡೆದು ಬಂದಿತ್ತು ನನ್ನ ಮೇಜಿಗೆ.

ಆ ಉಕಾರಕ್ಕೆ ಅರ್ಥವೆಂಬುದಿಲ್ಲ.
ಬಸ್ಸು, ಟಿಕೀಟು, ಡಾಕ್ಟರು, ಬಿಲ್ಲು,
ಪರದೇಶದಿಂದ ಬಂದ ಯಾವ ಮಾತನ್ನೂ ನಮ್ಮವರು
ಬಾಯಿ ಮುಚ್ಚಿ ಕಳಿಸುವುದಿಲ್ಲ, ಕದ ಓರೆ ಮಾಡಿಡುತ್ತಾರೆ.
ಹಳ್ಳಿಗರ ಚಟವೆಂದುಕೊಂಡಿದ್ದೆ.

ಇವತ್ತು ಹೆಸರಿನ ಸರದಿ.
ಊರ ಬಾಯಲ್ಲಿ ಅದು ಶಿವ್, ಶ, ರಣ್. ಮೂರೇ.
ಅವರು ಶುರು ಮಾಡಿದರು. ನಾಲ್ಕನೆಯ ಬಡಿತದ ಮೇಲೆ ತಡೆದು,
ಹತ್ತುವವರು ಇನ್ನೊಬ್ಬರಿದ್ದಾರೇನೋ ಎಂಬಂತೆ
ಕುತ್ತಿಗೆ ಹೊರಳಿಸಿ ಹಿಂದೆ ನೋಡಿ
ಐದನೆಯದು.
ದನಿ ಹೊರಡಲಿಲ್ಲ. ಹೊರಡುತ್ತದೋ ಇಲ್ಲವೋ.

ಕೇಸ್ ಪೇಪರಿನಲ್ಲಿ ಮರಾಠಿ ಹೊಡೆದು ಕನ್ನಡ ಎಂದು ಬರೆದೆ.
ಏ ಲೀಜಿಯೇ ಸಿಸ್ಟರ್, ಆಪ್‌ಕಾ ಪೆನ್ನು, ಎಂದೆ.
ಕೊಟ್ಟಾಯಮ್ಮಿನ ಸಿಸ್ಟರು ನಗಲಿಲ್ಲ,
ಕ್ಯಾಪು ಎಲ್ಲಿ ಎಂದು ಕೇಳಿದರು.