ಕಿವಿಗಲ್ಲು

ಟ್ರೊಮ್ಸೊದಲ್ಲಿ ಮಧ್ಯಾಹ್ನ ಎರಡಕ್ಕೇ ದೀಪ.
ಗುನ್‌ವೋರ್ ಕಾಡ್ ಮೀನಿನ ಕಿವಿಗಲ್ಲು ಸೀಳಿ
ಉಂಗುರ ಎಣಿಸುತ್ತಾಳೆ: ಸುತ್ತಿಗೊಂದು ವರ್ಷ,
ಹಸಿದ ವರ್ಷದ ಗೆರೆ ಕೂದಲೆಳೆ.

ಅವಳ ಕರಾರಿಗೆ ನಾಲ್ಕು ಸುತ್ತು,
ಅದರಲ್ಲೊಂದು ಪಾಠ ಹೇಳಿ ತೀರಿಸಬೇಕಾದ್ದು.
ಸಂಬಳವೇನೋ ಬರುತ್ತದೆ, ಹನ್ನೆರಡನೇ ತಾರೀಖು, ತಪ್ಪದೆ;
ಬಾಡಿಗೆ ಅದಕ್ಕಿಂತ ಮೊದಲೇ ಎದ್ದು ಕೂತಿರುತ್ತದೆ.

ಸಾಲ ಕೇಳಿದಾಗ ಬ್ಯಾಂಕಿನವರು, "ವಿದ್ಯಾರ್ಥಿನಿಯಾ?"
"ಅಲ್ಲ, ಸಂಬಳದವಳು."
"ಎಲ್ಲಿಯವರೆಗೆ?"

ಮಗಳ ಜ್ವರ ಒಂಬತ್ತು ದಿನ.
ಎರಡು ವಾರ ತುಂಬದ ಕಾಯಿಲೆಗೆ
ಅವಧಿ ಬೆಳೆಯುವುದಿಲ್ಲ, ನಿಯಮ.
ಕಂದು ಚೀಸಿನ ಬ್ರೆಡ್ಡು ಕಚ್ಚುತ್ತ
ಸಂಘದ ಮನವಿಗೆ ಸಹಿ ಹಾಕಿದಳು,
ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು.

ಆರನೇ ಉಂಗುರ. ಏಳು.
ಈ ಮೀನು
ಅವಳಿಗಿಂತ ಮೂರು ವರ್ಷ ಹೆಚ್ಚು ಕಾಯಂ.